ಎರಡು ಗಾಲಿಯ ಟಿಪ್ಪಿಂಗ್ ಟ್ರೇಲರ್: ನಾಲ್ಕು ವರ್ಷ ಎಳೆದ ಮೇಲೆ

ಚನ್ನಗಿರಿ ಹತ್ತಿರದ ನಮ್ಮೂರಲ್ಲಿ ನನಗೆ ಮೂರು ಎಕರೆ ಅಡಿಕೆ ತೋಟ, ಎರಡು ಎಕರೆ ಮೆಕ್ಕೆಜೋಳದ ಹೊಲ ಇದೆ. 42 ಎಚ್‌ಪಿ ಟ್ರ್ಯಾಕ್ಟರ್ ಇತ್ತು, ಟ್ರೇಲರ್ ಮಾತ್ರ ಬಾಡಿಗೆಗೆ ತರುತ್ತಿದ್ದೆ. 2021ರ ಬೇಸಿಗೆಯಲ್ಲಿ ಒಂದು ವೆಲ್ಡಿಂಗ್ ಶಾಪ್‌ನಲ್ಲಿ ಸ್ವಂತದ್ದು ಮಾಡಿಸಿದೆ. ಪಾಸಿಂಗ್, ಅಂದರೆ ನೋಂದಣಿ ಖರ್ಚು ಬಿಟ್ಟು 1 ಲಕ್ಷ 85 ಸಾವಿರ ಆಯಿತು. ಟ್ರೇಲರ್‌ಗೆ ಟ್ರ್ಯಾಕ್ಟರ್‌ನದ್ದಲ್ಲದೆ ಬೇರೆಯೇ ನಂಬರ್, ಬೇರೆ ಆರ್‌ಸಿ ಇರುತ್ತದೆ. ಅದನ್ನು ಬಿಡಬೇಡಿ.

ಮೊದಲು ಗೊಬ್ಬರದ ಮಾತು. ಬಾಡಿಗೆ ಟ್ರೇಲರ್‌ಗೆ ತೊಟ್ಟಿ ಎತ್ತುವ ಜಾಕಿ ಇರಲಿಲ್ಲ. ಒಂದು ಲೋಡ್ ಎಳೆದು ಹಾಕಲು ಇಬ್ಬರಿಗೆ ಮುಕ್ಕಾಲು ಗಂಟೆ ಬೇಕಿತ್ತು. ಈಗ ಟ್ರ್ಯಾಕ್ಟರ್‌ನ ಹೈಡ್ರಾಲಿಕ್‌ಗೆ ಪೈಪ್ ಸಿಕ್ಕಿಸಿ ಲಿವರ್ ಎತ್ತಿದರೆ ತೊಟ್ಟಿ ತಾನೇ ಏಳುತ್ತದೆ, ಒಂದೆರಡು ನಿಮಿಷದಲ್ಲಿ ಖಾಲಿ. ಅಪ್ಪನ ಸೊಂಟನೋವು ನೋಡಿದವನು ನಾನು. ಈ ಒಂದು ಅನುಕೂಲಕ್ಕೇ ಕೊಟ್ಟ ದುಡ್ಡು ದಂಡ ಅನ್ನಿಸಿಲ್ಲ. ಆದರೆ ನೆಲ ಸಮ ಇರಬೇಕು. ಒಂದು ಗಾಲಿ ತಗ್ಗಲ್ಲಿದ್ದಾಗ ಎತ್ತಿದರೆ ಟ್ರೇಲರ್ ಮಗುಚಬಹುದು. ಎತ್ತುವ ಮುಂಚೆ ಮೇಲೆ ಕರೆಂಟ್ ತಂತಿ ಇದೆಯಾ ನೋಡಿ. ಎತ್ತಿದ ತೊಟ್ಟಿಯ ಕೆಳಗೆ ಗ್ರೀಸ್ ಹೊಡೆಯಲು ಹೋಗುವಾಗ ಗಟ್ಟಿ ಆಸರೆ ಕೊಟ್ಟೇ ಹೋಗಿ. ಜಾಕಿಯನ್ನು ನಂಬಿ ತಲೆ ಒಡ್ಡಬಾರದು.

ತೊಟ್ಟಿ 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರ. ಅಂದರೆ 120 ಘನ ಅಡಿ. ಕೊಟ್ಟಿಗೆ ಗೊಬ್ಬರ ತುಂಬಿದರೆ ಹೆಚ್ಚೂಕಡಿಮೆ 2 ಟನ್. ಅಷ್ಟೇ ಮಟ್ಟಕ್ಕೆ ಒದ್ದೆ ಮರಳು ತುಂಬಿದರೆ 5 ಟನ್ ದಾಟುತ್ತದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಅಲ್ವಾ? ಮೊದಲ ವರ್ಷ ಮನೆ ಕಟ್ಟಲು ಮರಳು ತುಂಬಿಸಿಕೊಂಡು ಕೆರೆ ಏರಿ ಹತ್ತುವಾಗ ಟ್ರ್ಯಾಕ್ಟರ್ ಮುಂದಿನ ಗಾಲಿ ನೆಲ ಬಿಟ್ಟಿತು. ಕೈಕಾಲು ತಣ್ಣಗಾಯಿತು. ಎರಡು ಗಾಲಿಯ ಟ್ರೇಲರ್ ತನ್ನ ಭಾರದಲ್ಲಿ ಒಂದಷ್ಟನ್ನು ಕೊಂಡಿಯ ಮೂಲಕ ಟ್ರ್ಯಾಕ್ಟರ್ ಮೇಲೆ ಹಾಕುತ್ತದೆ. ಹದವಾಗಿದ್ದರೆ ಒಳ್ಳೆಯದೇ. ಕೆಸರಲ್ಲಿ ಹಿಂದಿನ ಗಾಲಿಗೆ ಹಿಡಿತ ಸಿಗುತ್ತದೆ. ಮುಂದೆ ಜಾಸ್ತಿ ಹೇರಿದರೆ ಏರಲ್ಲಿ ಟ್ರ್ಯಾಕ್ಟರ್ ಮೂತಿ ಎತ್ತುತ್ತದೆ. ಬರೀ ಹಿಂದೆ ಹೇರಿದರೆ ಕೊಂಡಿಯೇ ಮೇಲಕ್ಕೆ ಎಳೆಯುತ್ತದೆ. ಈಗ ಮೆಕ್ಕೆಜೋಳದ ಚೀಲ ಹಾಕಿದರೂ ಗಾಲಿಯ ಅಚ್ಚಿನ ಮೇಲಿಂದಲೇ ಶುರು ಮಾಡುತ್ತೇನೆ.

ನಮ್ಮ ಭಾವನ ಹತ್ತಿರ ನಾಲ್ಕು ಗಾಲಿಯದ್ದಿದೆ. ಅದರ ಭಾರ ಅದೇ ಹೊರುತ್ತದೆ. ಹೊಲದಲ್ಲಿ ಕಳಚಿಟ್ಟು ಟ್ರ್ಯಾಕ್ಟರ್‌ನಲ್ಲಿ ಉಳುಮೆಗೆ ಹೋಗಬಹುದು. ಕಬ್ಬು ಸಾಗಿಸುವವರಿಗೆ ಅದೇ ಸರಿ. ಆದರೆ ರಿವರ್ಸ್ ಕಷ್ಟ. ಅದು ಕೊಂಡಿಯಲ್ಲೂ ತಿರುಗುತ್ತದೆ, ಮುಂದಿನ ಅಚ್ಚಿನಲ್ಲೂ ತಿರುಗುತ್ತದೆ. ನನ್ನದು ಕೊಂಡಿಯಲ್ಲಿ ಮಾತ್ರ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಾಲ ಬಲಕ್ಕೆ ಹೋಗುತ್ತದೆ ಅನ್ನುವುದು ಕೈಗೆ ಬರಲು ಎಂಟು ದಿನ ಬೇಕಾಯಿತು. ತೋಟದ ಇಕ್ಕಟ್ಟು ದಾರಿಗೆ ಇದೇ ವಾಸಿ.

ಇನ್ನು ದೂರು. ಬಣ್ಣ ಚೆನ್ನಾಗಿ ಹೊಡೆದುಕೊಟ್ಟರು, ಹಿಂದಿನ ಲೈಟಿನ ವೈರನ್ನು ಮಾತ್ರ ಸುಮ್ನೆ ಚಾಸಿಗೆ ಸುತ್ತಿ ಬಿಟ್ಟಿದ್ದರು. ಎರಡನೇ ಮಳೆಗಾಲಕ್ಕೆ ತುಂಡಾಯಿತು. ನನಗೆ ಗೊತ್ತೇ ಆಗಲಿಲ್ಲ. ಒಂದು ಸಂಜೆ ಜೋಳ ಹಾಕಿ ಬರುವಾಗ ಬೈಕಿನ ಹುಡುಗನೊಬ್ಬ ತೀರ ಹತ್ತಿರ ಬಂದು ಬ್ರೇಕ್ ಹಿಡಿದು ಜಾರಿ ಬಿದ್ದ. ಮೊಣಕೈ ತರಚಿತ್ತು, ಅಷ್ಟೇ. "ಅಣ್ಣ, ನಿಮ್ಮ ಗಾಡಿ ಕಾಣಲೇ ಇಲ್ಲ" ಅಂದ. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನವೇ ವೈರನ್ನು ಪೈಪ್ ಒಳಗೆ ಎಳೆಸಿ, ಹಿಂದೆ ಅಗಲಕ್ಕೂ ಕೆಂಪು ಹೊಳೆಯುವ ಟೇಪ್ ಅಂಟಿಸಿದೆ. 2,800 ರೂಪಾಯಿ ಆಯಿತು. ಟ್ರೇಲರ್ ಮಾಡಿಸುವವರು ಮೊದಲ ದಿನವೇ ಇದನ್ನು ಕೇಳಿ ಮಾಡಿಸಿಕೊಳ್ಳಿ.

ಬ್ರೇಕ್ ಕೂಡ ಇದರಲ್ಲಿಲ್ಲ. ಇಳಿಜಾರಲ್ಲಿ ಲೋಡ್ ಹಿಂದಿನಿಂದ ದಬ್ಬುತ್ತದೆ. ಇಳಿಯುವ ಮುಂಚೆಯೇ ಚಿಕ್ಕ ಗೇರ್‌ಗೆ ಹಾಕಿ, ಕ್ಲಚ್ ತುಳಿಯಬೇಡಿ. ಟ್ರ್ಯಾಕ್ಟರ್‌ಗೆ ಎಡ ಗಾಲಿಗೊಂದು, ಬಲ ಗಾಲಿಗೊಂದು ಬ್ರೇಕ್ ಪೆಡಲ್ ಇರುತ್ತದೆ. ಹೊಲದಿಂದ ರಸ್ತೆಗೆ ಬಂದ ಕೂಡಲೇ ಎರಡೂ ಒಟ್ಟಿಗೆ ಒತ್ತುವಂತೆ ಕೊಂಡಿ ಹಾಕಿ. ಒಂದೇ ಕಡೆ ಬ್ರೇಕ್ ಬಿದ್ದರೆ ಟ್ರ್ಯಾಕ್ಟರ್ ಅಡ್ಡ ತಿರುಗುತ್ತದೆ. ಇನ್ನೊಂದು ಸಲ ಮಾಡಿಸಿದರೆ ಬ್ರೇಕ್ ಇರುವುದನ್ನೇ ಮಾಡಿಸುತ್ತೇನೆ, ಎಷ್ಟೇ ಜಾಸ್ತಿ ಆಗಲಿ.

ಊರವರು ಕೇಳಿದರೆ ಗೊಬ್ಬರಕ್ಕೆ, ಹುಲ್ಲಿಗೆ, ಇಟ್ಟಿಗೆಗೆ ಕೊಡುತ್ತೇನೆ. ಜನ ಕೂರಿಸಲು ಕೊಡುವುದಿಲ್ಲ. ಹೋದ ವರ್ಷ ಸೋದರಮಾವ ಮದುವೆ ದಿಬ್ಬಣಕ್ಕೆ ಕೇಳಿದರು. "ಬೇಡ ಮಾವ, ಮಕ್ಕಳು ಮರಿ ಇರ್ತಾರೆ" ಅಂದೆ. ಅವರಿಗೆ ಬೇಜಾರಾಯಿತು. ಮಿನಿ ಬಸ್ ಬಾಡಿಗೆಯಲ್ಲಿ ಅರ್ಧ ನಾನೇ ಕೊಟ್ಟೆ. ಟ್ರೇಲರ್‌ನಲ್ಲಿ ಪಾತ್ರೆ, ಅಕ್ಕಿ, ಸೌದೆ ಹೋದವು.