ಓವರ್‌ಕ್ಲಾಕ್ ಆಗದ ಕಂಪ್ಯೂಟರ್: ಬಿಲ್ಲಿನಲ್ಲಿ ಚಿಪ್‌ಸೆಟ್ ಬರೆಸದೆ ಹಣ ಕೊಡಬೇಡಿ

ಬಿಡಿಭಾಗಗಳನ್ನು ಕೊಂಡು ಕಂಪ್ಯೂಟರ್ ಜೋಡಿಸುವವರು, ಅದರಲ್ಲೂ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡುವ, ಅಂದರೆ ಕಂಪನಿ ನಿಗದಿಪಡಿಸಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವ ಉದ್ದೇಶವಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ದುಬಾರಿ ಪ್ರೊಸೆಸರ್ ಮಾರುವುದು, ಅದನ್ನು ಓವರ್‌ಕ್ಲಾಕಿಗೆ ಅವಕಾಶವೇ ಇಲ್ಲದ ಮದರ್‌ಬೋರ್ಡಿನಲ್ಲಿ ಕೂರಿಸುವುದು, ಗಿರಾಕಿ ದೂರಿದಾಗ ಸರಿಪಡಿಸುವ ನೆಪದಲ್ಲಿ ಮತ್ತೆ ಹಣ ಕೀಳುವುದು. ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ನನಗೆ ಆದದ್ದು ಇದೇ.

ನನ್ನದು ವಿಡಿಯೊ ಸಂಕಲನದ ಕೆಲಸ. ಓವರ್‌ಕ್ಲಾಕ್ ಮಾಡಲೆಂದೇ ಯಂತ್ರ ಬೇಕು ಎಂದು ಅಂಗಡಿಯವರಿಗೆ ಸ್ಪಷ್ಟವಾಗಿ ಹೇಳಿದ್ದೆ. ಅವರು ಇಂಟೆಲ್ ಐ5-12600ಕೆ ಕೊಟ್ಟರು. ಪ್ರೊಸೆಸರ್ ವಿಚಾರದಲ್ಲಿ ಮೋಸವಿರಲಿಲ್ಲ. ಹೆಸರಿನ ಕೊನೆಯ 'ಕೆ' ಅಕ್ಷರವೇ ಅದರ ಗುಣಕಕ್ಕೆ (ವೇಗ ನಿರ್ಧರಿಸುವ ಅಂಕಿಗೆ) ಬೀಗವಿಲ್ಲ ಎಂಬುದರ ಗುರುತು. ಬಿಲ್ಲಿನಲ್ಲಿ ಮದರ್‌ಬೋರ್ಡಿನ ಎದುರು ಮಾತ್ರ '12ನೇ ತಲೆಮಾರು, ಡಿಡಿಆರ್4' ಎಂದಷ್ಟೇ ಇತ್ತು. ಕೇಳಿದ್ದಕ್ಕೆ "ಎಲ್ಲಾ ಸಪೋರ್ಟ್ ಮಾಡುತ್ತದೆ ಸರ್" ಎಂದರು.

ಮನೆಗೆ ತಂದು, ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್ ತೆರೆದೆ. ಮೂಲ ಕ್ಲಾಕ್ 100 ಮೆಗಾಹರ್ಟ್ಸ್. ಅದನ್ನು ಗುಣಕದಿಂದ ಗುಣಿಸಿದರೆ ಬರುವುದೇ ಪ್ರೊಸೆಸರಿನ ವೇಗ. ಈ ಪ್ರೊಸೆಸರಿಗೆ ಕಂಪನಿಯೇ ಕೊಟ್ಟಿರುವ ಗರಿಷ್ಠ ಟರ್ಬೊ ವೇಗ 4.9 ಗಿಗಾಹರ್ಟ್ಸ್, ಅಂದರೆ ಗುಣಕ 49. ನಾನು 51 ಎಂದು ಬರೆದು ಎಂಟರ್ ಒತ್ತಿದರೆ ಅಂಕಿ ಅಲ್ಲೇ ಬದಲಾಗಿ 49ಕ್ಕೆ ಬಂದು ನಿಲ್ಲುತ್ತಿತ್ತು. 45 ಎಂದು ಬರೆದರೆ ತಕರಾರಿಲ್ಲದೆ ಒಪ್ಪಿಕೊಳ್ಳುತ್ತಿತ್ತು. ಇಳಿಸಲು ಬಿಟ್ಟು ಏರಿಸಲು ಬಿಡದ ಈ ಲಕ್ಷಣವನ್ನು ಚೆನ್ನಾಗಿ ನೆನಪಿಡಿ, ರೋಗ ಯಾವುದೆಂದು ಹೇಳುವುದು ಇದೇ.

ಅಂಗಡಿಗೆ ಫೋನ್ ಮಾಡಿದರೆ "ಕೂಲರ್ ಸಾಲದು ಸರ್, ಬಿಸಿಯಾದರೆ ಅದು ಮೇಲೆ ಹೋಗುವುದಿಲ್ಲ" ಎಂಬ ಉತ್ತರ ಬಂತು. ಲಿಕ್ವಿಡ್ ಕೂಲರ್ ಮಾರಿದರು. ಶಾಖ ಇಳಿಯಿತು, ಗುಣಕ ಕದಲಲಿಲ್ಲ. ಆಮೇಲೆ "ಬಯೋಸ್ ಅಪ್‌ಡೇಟ್ ಮಾಡಿದರೆ ತೆರೆದುಕೊಳ್ಳುತ್ತದೆ" ಎಂದು ಯಂತ್ರವನ್ನು ತರಿಸಿಕೊಂಡು, ಅದಕ್ಕೂ ಹಣ ಪಡೆದು, ಹೋದ ಹಾಗೆಯೇ ವಾಪಸ್ ಕೊಟ್ಟರು. ಗಿರಾಕಿಗೆ ತಿಳಿಯುವುದಿಲ್ಲ ಎಂಬ ಧೈರ್ಯವಲ್ಲದೆ ಇದು ಬೇರೇನೂ ಅಲ್ಲ. ಮದರ್‌ಬೋರ್ಡನ್ನು ದಿನವೂ ಕೈಯಲ್ಲಿ ಹಿಡಿಯುವವರಿಗೆ ಅದು ಯಾವುದೆಂದು ಗೊತ್ತಿಲ್ಲದೆ ಇರುತ್ತದೆಯೇ?

ಕೊನೆಗೆ ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿ ಮೇನ್‌ಬೋರ್ಡ್ ಪುಟ ನೋಡಿದೆ. ಚಿಪ್‌ಸೆಟ್, ಅಂದರೆ ಮದರ್‌ಬೋರ್ಡ್ ಏನೇನು ಮಾಡಬಲ್ಲದು ಎಂಬುದನ್ನು ನಿರ್ಧರಿಸುವ ಚಿಪ್, ಬಿ660. ಇಂಟೆಲ್‌ನ ಈ ತಲೆಮಾರಿನಲ್ಲಿ ಪ್ರೊಸೆಸರಿನ ಗುಣಕ ಏರಿಸಲು ಝಡ್ ಸರಣಿಯ ಚಿಪ್‌ಸೆಟ್ಟೇ ಬೇಕು: ಝಡ್690 ಅಥವಾ ಝಡ್790. ಬಿ660, ಬಿ760 ಬೋರ್ಡುಗಳಲ್ಲಿ ರ್‍ಯಾಮ್ ವೇಗವನ್ನು ಏರಿಸಬಹುದು, ಪ್ರೊಸೆಸರಿನದಲ್ಲ. 'ಓವರ್‌ಕ್ಲಾಕ್ ಸಪೋರ್ಟ್ ಇದೆ' ಎಂಬ ಅರ್ಧಸತ್ಯ ಹುಟ್ಟುವುದು ಇಲ್ಲಿಯೇ. ಎಚ್610ರಲ್ಲಿ ಅದೂ ಇಲ್ಲ. ಹೊರಗಿನ ಕ್ಲಾಕ್ ಜನರೇಟರ್ ಇರುವ ಬೆರಳೆಣಿಕೆಯ ಬಿ660 ಬೋರ್ಡುಗಳು ಮೂಲ ಕ್ಲಾಕನ್ನೇ ಏರಿಸುತ್ತವೆ, ಆದರೆ ನನಗೆ ಕೊಟ್ಟಿದ್ದು ಅಂಥದ್ದಲ್ಲ. ತಿರುಗುಮುರುಗಾದ ಮೋಸವೂ ಉಂಟು: ಝಡ್ ಬೋರ್ಡ್ ಕೊಟ್ಟು ಅದರಲ್ಲಿ ಬೀಗವಿರುವ ಐ5-12400 ಕೂರಿಸುವುದು. ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿ ಕಂಪನಿಯ ನಿಯಮ ಬೇರೆ. ಅಲ್ಲಿ ಬಹುಪಾಲು ರೈಜೆನ್ ಪ್ರೊಸೆಸರ್‌ಗಳಿಗೆ ಬೀಗವಿಲ್ಲ, ಬಿ550 ಬೋರ್ಡೂ ಸಾಕು. ಎ520 ಮಾತ್ರ ಸಲ್ಲದು. ಬೀಗವಿರುವ 5800ಎಕ್ಸ್3ಡಿಯಂಥ ಅಪವಾದಗಳೂ ಇವೆ.

ಅಂಗಡಿಯವರು ಕೂಲರ್ ಎಂದಾಗ, ಪವರ್ ಸಪ್ಲೈ ಎಂದಾಗ ನಂಬುವ ಮೊದಲು ಇದನ್ನು ಗಮನಿಸಿ. ಬಯೋಸ್ ಹೊಸ ಅಂಕಿಯನ್ನು ಒಪ್ಪಿಕೊಂಡು, ವಿಂಡೋಸಿನಲ್ಲಿ ಕೆಲಸದ ಒತ್ತಡ ಬಿದ್ದಾಗ ಮಾತ್ರ ವೇಗ ಕುಸಿದರೆ ಅದು ಶಾಖದ ಅಥವಾ ವಿದ್ಯುತ್ ಮಿತಿಯ ತೊಂದರೆ. ಎಚ್‌ಡಬ್ಲ್ಯುಇನ್ಫೊ ತಂತ್ರಾಂಶದಲ್ಲಿ ನೋಡಿದರೆ ಎರಡರಲ್ಲಿ ಯಾವುದೆಂದು ಗೊತ್ತಾಗುತ್ತದೆ. 12600ಕೆ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಅದರ ಟರ್ಬೊ ವಿದ್ಯುತ್ ಮಿತಿ 150 ವ್ಯಾಟ್. ಅಂಕಿ ಒಪ್ಪಿಕೊಂಡು ನೀಲಿ ಪರದೆ ಬಂದರೆ ಆ ವೇಗಕ್ಕೆ ವೋಲ್ಟೇಜ್ ಸಾಲದಿರುವ ಸಾಧ್ಯತೆ ಹೆಚ್ಚು. ಅಂಕಿಯನ್ನೇ ಒಪ್ಪದಿದ್ದರೆ ಮೊದಲು ಚಿಪ್‌ಸೆಟ್ ನೋಡಿ. ಅಲ್ಲಿ ಬೀಗವಿದ್ದರೆ ಯಾವ ಕೂಲರ್ ಕೊಂಡರೂ ಪ್ರಯೋಜನವಿಲ್ಲ. ಬಯೋಸ್ ಅಪ್‌ಡೇಟಿನಿಂದ ಬಿ660 ಝಡ್690 ಆಗುವುದಿಲ್ಲ; ಮೇಲಾಗಿ ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡೇ ಸತ್ತುಹೋಗಬಹುದು.

ಬೋರ್ಡ್ ಬದಲಿಸಿ ಕೊಡಿ ಎಂದರೆ "ಡಬ್ಬಿ ತೆರೆದ ಮಾಲು ವಾಪಸ್ ಇಲ್ಲ" ಎಂದರು. ಡಬ್ಬಿ ತೆರೆದವರು ಅವರೇ! ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. ಬೇಕಾದ್ದೇನೆಂದು ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿದ್ದ ಸಂದೇಶ ನನ್ನ ಬಳಿ ಇದ್ದದ್ದು ಉಪಯೋಗಕ್ಕೆ ಬಂತು. ಆಮೇಲೆ ಅಂಗಡಿಯಿಂದಲೇ ಫೋನ್ ಬಂದು, ಬೆಲೆಯ ವ್ಯತ್ಯಾಸ ಪಡೆದು ಝಡ್690 ಬೋರ್ಡ್ ಹಾಕಿಕೊಟ್ಟರು. ಬಯೋಸ್ ಅಪ್‌ಡೇಟಿಗೆಂದು ಪಡೆದ ಹಣವನ್ನು ಈವರೆಗೂ ಹಿಂತಿರುಗಿಸಿಲ್ಲ. ಆ ದೂರನ್ನು ನಾನು ಬಿಟ್ಟಿಲ್ಲ.

ನೀವು ಕೊಳ್ಳುವಾಗ ಪ್ರೊಸೆಸರಿನ ಪೂರ್ತಿ ಹೆಸರು, ಮದರ್‌ಬೋರ್ಡಿನ ಪೂರ್ತಿ ಮಾದರಿ ಸಂಖ್ಯೆ ಎರಡನ್ನೂ ಬಿಲ್ಲಿನಲ್ಲಿ ಬರೆಸಿ. ಬರೆಯಲು ಹಿಂದೇಟು ಹಾಕುವ ಅಂಗಡಿಯಲ್ಲಿ ಕೊಳ್ಳಬೇಡಿ. ಬೋರ್ಡನ್ನು ಕ್ಯಾಬಿನೆಟ್ಟಿಗೆ ಹಾಕುವ ಮುನ್ನ ಡಬ್ಬಿಯನ್ನು ನಿಮ್ಮ ಕೈಗೆ ಕೊಡಲು ಹೇಳಿ. ಚಿಪ್‌ಸೆಟ್ ಹೆಸರು ಅದರ ಮೇಲೆಯೇ ಇರುತ್ತದೆ.