ಟೋನಿ ಗ್ವಿನ್ ಸಹಿಯ ಚೆಂಡಿಗೆ ಯುವಿ ಕ್ಯೂಬ್: ಕೊಳ್ಳಬಹುದು, ಆದರೆ ಪೂರ್ತಿ ನಂಬಬೇಡಿ

2014ರ ಜೂನ್ 16ರಂದು ಅಮೆರಿಕದ ಬೇಸ್‌ಬಾಲ್ ಆಟಗಾರ ಟೋನಿ ಗ್ವಿನ್ ತೀರಿಕೊಂಡಾಗ ಅವರಿಗೆ 54 ವರ್ಷ. ಸ್ಯಾನ್ ಡಿಯಾಗೋದ ಪೆಟ್ಕೋ ಪಾರ್ಕ್ ಕ್ರೀಡಾಂಗಣದಲ್ಲಿರುವ ಅವರ ಪ್ರತಿಮೆಯ ಬುಡದಲ್ಲಿ ಅಭಿಮಾನಿಗಳು ಹೂವು, ಟೋಪಿ, ಚೆಂಡು ತಂದಿಟ್ಟರು. ಇಪ್ಪತ್ತು ಸೀಸನ್, 3,141 ಹಿಟ್, ಎಲ್ಲವೂ ಪಾಡ್ರೆಸ್ ಒಂದೇ ತಂಡಕ್ಕೆ. ಅಂಥವರ ಸಹಿ ಇರುವ ಚೆಂಡು ಮನೆಯಲ್ಲಿದ್ದರೆ ಯಾರಾದರೂ ಮೊದಲು ಮಾಡುವ ಕೆಲಸ ಒಂದೇ: ಡ್ರಾಯರಿನಿಂದ ತೆಗೆದು, ಪಾರದರ್ಶಕ ಡಬ್ಬಿಗೆ ಹಾಕಿ, ಬಂದವರ ಕಣ್ಣಿಗೆ ಬೀಳುವ ಹಾಗೆ ಹಾಲ್‌ನಲ್ಲಿ ಇಡುವುದು. ಸಹಿ ಮಾಸಲು ಶುರುವಾಗುವುದೂ ಅವತ್ತಿನಿಂದಲೇ. ಡ್ರಾಯರಿನಲ್ಲಿ ಬೇರೇನಿರದಿದ್ದರೂ ಕತ್ತಲಿತ್ತು.

ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಎರಡು ಬಗೆ: ಸಾದಾ ಅಕ್ರಿಲಿಕ್ ಕ್ಯೂಬ್, ಮತ್ತು 'ಯುವಿ ಪ್ರೊಟೆಕ್ಟೆಡ್' ಎಂದು ಬರೆದಿರುವ ಕ್ಯೂಬ್. ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಹೇಳಲಾಗುವುದಿಲ್ಲ. ಬೆಲೆಯಲ್ಲಿ ಕೆಲವು ಡಾಲರ್ ಹೆಚ್ಚಾದರೂ ಯುವಿ ಕ್ಯೂಬನ್ನೇ ಕೊಳ್ಳಿ. ಆದರೆ ಪೆಟ್ಟಿಗೆಯ ಮೇಲಿನ '98%' ಎಂಬ ಅಂಕಿ ನೋಡಿ ನಿಶ್ಚಿಂತರಾಗಬೇಡಿ. ಅದು ತಡೆಯುವುದು ಯುವಿಯನ್ನು, ಅಂದರೆ ನೇರಳಾತೀತ ಕಿರಣವನ್ನು ಮಾತ್ರ. ಬಾಲ್‌ಪಾಯಿಂಟ್ ಶಾಯಿಯಲ್ಲಿರುವ ಬಣ್ಣ ಕಣ್ಣಿಗೆ ಕಾಣುವ ಬೆಳಕಿಗೂ ಮಾಸುತ್ತದೆ, ಆ ಬೆಳಕು ಡಬ್ಬಿಯೊಳಗೆ ಹೋಗದಿದ್ದರೆ ಚೆಂಡೂ ಕಾಣುವುದಿಲ್ಲವಲ್ಲ! ಅಂದರೆ ಯುವಿ ಕ್ಯೂಬ್ ಮಾಸುವಿಕೆಯನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಕಿಟಕಿಯ ಎದುರಿನ ಗೋಡೆಗಿಂತ ಕಿಟಕಿ ಇರುವ ಗೋಡೆಗೇ ತಾಗಿದ ಕಪಾಟು ವಾಸಿ, ಅಲ್ಲಿ ನೇರ ಬಿಸಿಲು ಬೀಳದು.

ಹೇಳಿಕೆ ನಿಜವೋ ಸುಳ್ಳೋ ಪರೀಕ್ಷಿಸುವುದು ಸುಲಭ. 365 ನ್ಯಾನೋಮೀಟರಿನ ಯುವಿ ಟಾರ್ಚನ್ನು ಕತ್ತಲ ಕೋಣೆಯಲ್ಲಿ ಬಿಳಿ ಪ್ರಿಂಟರ್ ಕಾಗದಕ್ಕೆ ಹಿಡಿದರೆ ಕಾಗದ ನೀಲಿಯಾಗಿ ಹೊಳೆಯುತ್ತದೆ. ಈಗ ಟಾರ್ಚಿಗೂ ಕಾಗದಕ್ಕೂ ನಡುವೆ ಕ್ಯೂಬಿನ ಒಂದು ಪಕ್ಕವನ್ನು ಅಡ್ಡ ಹಿಡಿಯಿರಿ. ಹೊಳಪು ಹೆಚ್ಚುಕಡಿಮೆ ಸತ್ತುಹೋದರೆ ಸರಿ. ಹಾಗೇ ಉಳಿದರೆ ನೀವು ಹೆಚ್ಚು ಕೊಟ್ಟದ್ದು ಸ್ಟಿಕ್ಕರಿಗೆ. ಐದೂ ಮುಖಗಳನ್ನು ನೋಡಿ. ಮುಂಭಾಗ ಒಂದೇ ಒಳ್ಳೆಯದಿದ್ದು ಪ್ರಯೋಜನವಿಲ್ಲ, ಬೆಳಕು ಪಕ್ಕದಿಂದಲೂ ಬರುತ್ತದೆ.

ಅಳತೆಯಲ್ಲಿ ಈ ಕ್ಯೂಬ್‌ಗಳು ಬಿಗಿ. ಅಮೆರಿಕದ ಅಗ್ರ ಬೇಸ್‌ಬಾಲ್ ಪಂದ್ಯಾವಳಿಯಾದ ಮೇಜರ್ ಲೀಗ್‌ನ ಚೆಂಡಿನ ಸುತ್ತಳತೆ 9ರಿಂದ 9.25 ಇಂಚು, ಅಂದರೆ ವ್ಯಾಸ ಸುಮಾರು 2.86ರಿಂದ 2.94 ಇಂಚು. ಒಳಗಡೆ 3 ಇಂಚಿನ ಡಬ್ಬಿಯಲ್ಲಿ ಎರಡೂ ಬದಿ ಸೇರಿ ಉಳಿಯುವ ಸಂದು ಸುಮಾರು 1.4ರಿಂದ 3.4 ಮಿಲಿಮೀಟರ್. ಹೊಸ ಚೆಂಡಿಗೆ ತೊಂದರೆಯಿಲ್ಲ. ಆದರೆ ಆಟದಲ್ಲಿ ಪೆಟ್ಟು ತಿಂದು ಸೊಟ್ಟಗಾದ ಚೆಂಡು ಗೋಡೆಗೆ ತಾಗುತ್ತದೆ, ತಾಗುವ ಜಾಗ ಸಹಿಯದ್ದೇ ಆಗಿದ್ದರೆ ಡಬ್ಬಿ ಅಲುಗಿದಾಗಲೆಲ್ಲ ಶಾಯಿ ಸವೆಯುತ್ತದೆ. ಅಂಥ ಚೆಂಡಿಗೆ ಒಂದು ಸೈಜ್ ದೊಡ್ಡ ಡಬ್ಬಿ, ಒಳಗೆ ಬಳೆಯಂಥ ಅಕ್ರಿಲಿಕ್ ಸ್ಟ್ಯಾಂಡ್ ಇರುವುದು ಬೇಕು. ಚೆಂಡನ್ನು ಕೂರಿಸುವಾಗ ಎರಡು ಹೊಲಿಗೆ ಸಾಲುಗಳು ತೀರಾ ಹತ್ತಿರ ಬರುವ ಜಾಗ, ಅದೇ ಸ್ವೀಟ್ ಸ್ಪಾಟ್, ಮುಂದಕ್ಕಿರಲಿ, ಸ್ಟ್ಯಾಂಡಿನ ಮೇಲಲ್ಲ. ಹತ್ತಿಯ ಕೈಗವಸು ಹಾಕಿಯೇ ಮುಟ್ಟಿ. ಬೆರಳಿನ ಬೆವರು, ಎಣ್ಣೆ ಇವತ್ತು ಕಾಣುವುದಿಲ್ಲ, ಕೆಲವು ವರ್ಷದ ಮೇಲೆ ಕಂದು ಕಲೆಯಾಗಿ ಏಳುತ್ತದೆ. ಆ ಕಲೆಗೆ ಎರೇಸರ್ ಹಾಕುವವರಿದ್ದಾರೆ, ಕಲೆಯ ಜೊತೆ ಚರ್ಮದ ಮೇಲ್ಪದರವೂ ಹೋಗುತ್ತದೆ.

ಹೊಸ ಡಬ್ಬಿ ತೆರೆದಾಗ ಅಂಟಿನ ಘಾಟು ಬಂದರೆ ಎರಡು ಮೂರು ದಿನ ಬಾಯಿ ತೆರೆದಿಟ್ಟು ವಾಸನೆ ಹೋದ ಮೇಲೆ ಚೆಂಡು ಹಾಕಿ. ಮೆತ್ತಗೆ ಬಗ್ಗುವ ಪಿವಿಸಿ ಡಬ್ಬಿ ಬೇಡವೇ ಬೇಡ. ಓಕ್ ಮರದ ಪೀಠದ ಮೇಲೆ ಗುಮ್ಮಟದಂತೆ ಮುಚ್ಚುವ ಮಾದರಿ ನೋಡಲು ಚೆಂದ, ಆದರೆ ಓಕ್ ಅಸಿಟಿಕ್ ಆಮ್ಲದ ಆವಿ ಬಿಡುವ ಮರ, ಮುಚ್ಚಿದ ಗುಮ್ಮಟದಲ್ಲಿ ಅದು ಹೊರಹೋಗುವುದಿಲ್ಲ. ಬಣ್ಣದ ವೆಲ್ವೆಟ್ ಹಾಸು ತೇವ ಕುಡಿದರೆ ಬಿಳಿ ಚರ್ಮಕ್ಕೆ ಬಣ್ಣ ಬಿಡಬಹುದು. ಒಳಗೇ ಎಲ್‌ಇಡಿ ಕೂರಿಸಿದ ಮಾದರಿಯೂ ಇದೆ. ಬೆಳಕಿನಿಂದ ಉಳಿಸಲೆಂದು ಕೊಂಡ ಡಬ್ಬಿಯೊಳಗೇ ದೀಪ!

ಚೆಂಡಿನ ಹೊದಿಕೆ 1974ರಿಂದ ಹಸುವಿನ ಚರ್ಮ, ಅದಕ್ಕೂ ಮೊದಲು ಕುದುರೆಯದ್ದು. ಒಳಗೆ ಕಾರ್ಕ್-ರಬ್ಬರ್ ತಿರುಳು, ಅದರ ಮೇಲೆ ಉಣ್ಣೆಯ ನೂಲು. ತೇವ ಹೆಚ್ಚಾದರೆ ಬೂಸ್ಟು, ತೀರಾ ಒಣಗಿದರೆ ಚರ್ಮ ಬಿರಿಯುತ್ತದೆ. ಕೋಣೆಯ ತೇವಾಂಶ 40ರಿಂದ 50 ಶೇಕಡದ ಆಸುಪಾಸು ಇದ್ದರೆ ಸಾಕು. ಇಷ್ಟು ಸಣ್ಣ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ತುರುಕಿ ಒಣಗಿಸಬೇಡಿ. ಡಬ್ಬಿ ಒರೆಸಲು ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು, ಮೈಕ್ರೋಫೈಬರ್ ಬಟ್ಟೆ ಸಾಕು. ಚೆಂಡನ್ನು ಮೊದಲು ಹೊರಗಿಡಿ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಹಾಕಿದರೆ ಅಕ್ರಿಲಿಕ್ ಒಳಗೆ ಕೂದಲೆಳೆಯಂಥ ಬಿರುಕು ಹರಡುತ್ತವೆ, ಅವು ಮತ್ತೆ ಹೋಗುವುದಿಲ್ಲ.

ಸಹಿ ಯಾವ ಪೆನ್ನಿನದು ಎಂಬುದರ ಮೇಲೂ ಡಬ್ಬಿಯ ಕೆಲಸ ನಿಂತಿದೆ. ನೀಲಿ ಬಾಲ್‌ಪಾಯಿಂಟಿನದಾದರೆ ಬೆಳಕೊಂದನ್ನು ಕಾದರೆ ಮುಕ್ಕಾಲು ಪಾಲು ಗೆದ್ದಂತೆ. ಮಾರ್ಕರ್ ಪೆನ್ನಿನದಾದರೆ ಕತ್ತಲಲ್ಲಿಟ್ಟರೂ ಶಾಯಿ ಚರ್ಮದ ರಂಧ್ರಗಳಲ್ಲಿ ಹರಡಿ ಅಕ್ಷರದ ಅಂಚು ಮಸುಕಾಗುತ್ತದೆ. ಯಾವ ಡಬ್ಬಿಯೂ ಅದನ್ನು ತಡೆಯಲಾರದು.

ಇಷ್ಟೆಲ್ಲ ಖರ್ಚು ಮಾಡುವ ಮೊದಲು ಚೆಂಡನ್ನೇ ಒಮ್ಮೆ ನೋಡಿ. ಆಟಗಾರ ತೀರಿಕೊಂಡ ಮೇಲೆ ಅಸಲಿ ಸಹಿ ಇನ್ನೊಂದು ಬರುವುದಿಲ್ಲ, ನಕಲಿಗೆ ಆ ಅಡ್ಡಿ ಇಲ್ಲ. ಗ್ವಿನ್ ಬದುಕಿದ್ದಾಗಲೇ ತಮ್ಮ ಹೆಸರಲ್ಲಿ ಮಾರಾಟಕ್ಕಿಟ್ಟಿದ್ದ ನಕಲಿ ಸಹಿಗಳನ್ನು ಗುರುತಿಸಿದ್ದರು. 1990ರ ದಶಕದಲ್ಲಿ ಎಫ್‌ಬಿಐ ನಡೆಸಿದ 'ಆಪರೇಷನ್ ಬುಲ್‌ಪೆನ್' ಇಂಥ ಜಾಲಗಳ ಬೆನ್ನಟ್ಟಿದ ತನಿಖೆ. ಮೇಜರ್ ಲೀಗ್ ತನ್ನ ವಸ್ತುಗಳಿಗೆ ಹೊಲೊಗ್ರಾಮ್ ಅಂಟಿಸತೊಡಗಿದ್ದು ಅದಾದ ಮೇಲೆ, 2001ರಲ್ಲಿ. ಹೊಲೊಗ್ರಾಮ್ ಇಲ್ಲದಿದ್ದರೆ ಚೆಂಡಿನ ಮೇಲೆ ಅಚ್ಚಾಗಿರುವ ಅಧಿಕಾರಿಯ ಸಹಿ ಓದಿ. ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಗ್ವಿನ್ ಆಡಿದ್ದು ನ್ಯಾಷನಲ್ ಲೀಗ್; 1994ರ ನಂತರ 1999ರವರೆಗಿನ ಅದರ ಚೆಂಡಿನ ಮೇಲೆ ಆ ಲೀಗ್‌ನ ಅಧ್ಯಕ್ಷ ಲೆನರ್ಡ್ ಕೋಲ್ಮನ್, 2000ದಿಂದ ಮೇಜರ್ ಲೀಗ್ ಕಮಿಷನರ್ ಬಡ್ ಸೆಲಿಗ್. ಕೋಲ್ಮನ್ ಚೆಂಡಿನ ಮೇಲೆ, ಗ್ವಿನ್ 2007ರಲ್ಲಿ ಹಾಲ್ ಆಫ್ ಫೇಮ್ (ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿ) ಸೇರಿದ ಉಲ್ಲೇಖ ಇದ್ದರೆ ಗಾಬರಿ ಬೇಡ, ಹಳೆಯ ಚೆಂಡಿಗೆ ಮುಂದೆ ಎಂದಾದರೂ ಸಹಿ ಹಾಕಿಸಬಹುದು. ತಿರುಗುಮುರುಗು ಮಾತ್ರ ಸಾಧ್ಯವಿಲ್ಲ. ರಾಬ್ ಮ್ಯಾನ್‌ಫ್ರೆಡ್ ಕಮಿಷನರ್ ಆದದ್ದು 2015ರ ಜನವರಿಯಲ್ಲಿ, ಗ್ವಿನ್ ತೀರಿಕೊಂಡು ಏಳು ತಿಂಗಳಾದ ಮೇಲೆ. ಮ್ಯಾನ್‌ಫ್ರೆಡ್ ಅಚ್ಚಿನ ಚೆಂಡಿನ ಮೇಲೆ ಗ್ವಿನ್ ಸಹಿ ಕಂಡರೆ ಯುವಿ ಕ್ಯೂಬ್ ಕೊಳ್ಳಬೇಡಿ, ಚೆಂಡನ್ನು ಮಕ್ಕಳ ಕೈಗೆ ಕೊಟ್ಟು ಮೈದಾನಕ್ಕೆ ಕಳಿಸಿ.