ಎಲ್‌ಝಡ್‌ಆರ್ ರೇಸರ್: ಕೊಟ್ಟ ಮಾತು ಉಳಿಸಿಕೊಂಡ ಈಜುಡುಗೆ

ಕ್ರೀಡಾ ಸಾಮಗ್ರಿಗಳ ಪೈಕಿ ಹೆಚ್ಚಿನವು ಜಾಹೀರಾತಿನಲ್ಲಿ ಹೇಳಿದ್ದರ ಕಾಲುಭಾಗವನ್ನೂ ಮಾಡಿ ತೋರಿಸುವುದಿಲ್ಲ. 2008ರ ಫೆಬ್ರುವರಿಯಲ್ಲಿ ಸ್ಪೀಡೊ ಕಂಪನಿ ಹೊರತಂದ ಎಲ್‌ಝಡ್‌ಆರ್ ರೇಸರ್ ಈ ಮಾತಿಗೆ ಅಪವಾದ. ಅದು ಹೇಳಿದಷ್ಟನ್ನೂ ಮಾಡಿತು. ಹಾಗೆ ಮಾಡಿದ್ದರಿಂದಲೇ ಎರಡು ವರ್ಷ ತುಂಬುವ ಮೊದಲು ಸ್ಪರ್ಧೆಯ ಕೊಳದಿಂದ ಹೊರಬಿತ್ತು.

ಮೊದಲು ತಯಾರಿಕೆಯ ಮಾತು. ನೀರಿನಲ್ಲಿ ಯಾವ ಬಟ್ಟೆ ಕಡಿಮೆ ತಡೆಯೊಡ್ಡುತ್ತದೆ ಎಂಬುದನ್ನು ತಿಳಿಯಲು ಅಮೆರಿಕದ ನಾಸಾ ಸಂಸ್ಥೆಯ ಗಾಳಿ ಸುರಂಗದಲ್ಲಿ ಹಲವು ಬಟ್ಟೆಗಳನ್ನು ಪರೀಕ್ಷಿಸಲಾಗಿತ್ತು. ಆಯ್ಕೆಯಾದದ್ದು ನೈಲಾನ್ ಮತ್ತು ಹಿಗ್ಗುವ ಎಲಾಸ್ಟೇನ್ ಎಳೆಗಳ ಒತ್ತಾದ ನೇಯ್ಗೆ. ಅದರ ಮೇಲೆ ಅಲ್ಲಲ್ಲಿ ಪಾಲಿಯುರಿಥೇನ್ ಎಂಬ ರಬ್ಬರಿನಂಥ ಪ್ಲಾಸ್ಟಿಕ್ಕಿನ ಪಟ್ಟಿಗಳು. ದಾರದ ಹೊಲಿಗೆಯೇ ಇಲ್ಲ, ಅಂಚುಗಳನ್ನು ಶ್ರವಣಾತೀತ ಧ್ವನಿ ತರಂಗಗಳಿಂದ ಬೆಸೆಯಲಾಗಿದೆ. ಹೊಲಿಗೆಯ ಉಬ್ಬು ಕೂಡ ನೀರಿಗೆ ಅಡ್ಡ ಬರುತ್ತದೆ ಎಂಬಷ್ಟು ದೂರ ಯೋಚಿಸಿದ ಈ ಕೆಲಸಗಾರಿಕೆಯನ್ನು ಮೆಚ್ಚದೆ ಇರಲಾಗದು.

ತೊಡುವ ವಿಷಯಕ್ಕೆ ಬಂದರೆ ಮೆಚ್ಚುಗೆ ತುಸು ಇಳಿಯುತ್ತದೆ. ಮೈಯನ್ನು ಬಿಗಿಹಿಡಿದು ಅದರ ಸುತ್ತಳತೆಯನ್ನೇ ಕುಗ್ಗಿಸಬೇಕೆಂಬುದು ಈ ಉಡುಗೆಯ ಉದ್ದೇಶವಾದ್ದರಿಂದ, ಅದು ಸಲೀಸಾಗಿ ಏರುವುದಿಲ್ಲ. ಇಂಥ ಉಡುಗೆಯನ್ನು ಜಾರಿಸಲು ಪಾದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಮೊಣಕಾಲಿನಿಂದ ಮೇಲಕ್ಕೆ ಬೆರಳಷ್ಟು ಬೆರಳಷ್ಟೇ ಎಳೆಯುತ್ತ, ಕೊನೆಗೆ ಬೆನ್ನಿನ ಜಿಪ್ ಏರಿಸಲು ಇನ್ನೊಬ್ಬರನ್ನು ಕರೆಯಬೇಕು. ಇಷ್ಟಕ್ಕೆ ಇಪ್ಪತ್ತು ನಿಮಿಷವಾದರೂ ಹಿಡಿಯುತ್ತದೆ. ಉಗುರು ತಾಗಿದರೆ ಹರಿಯುವ ಭಯ ಬೇರೆ. 2008ರಲ್ಲಿ ಸುಮಾರು 550 ಡಾಲರ್ ತೆತ್ತು ಕೊಂಡದ್ದು ಕೆಲವೇ ಸ್ಪರ್ಧೆಗಳಲ್ಲಿ ಬಿಗಿ ಕಳೆದುಕೊಳ್ಳುತ್ತದೆ. ದಿನನಿತ್ಯದ ಅಭ್ಯಾಸಕ್ಕೆ ಇದನ್ನು ಕೊಳ್ಳುವವರಿಗೆ ನನ್ನ ಸಲಹೆ ಒಂದೇ ಪದದಲ್ಲಿದೆ: ಬೇಡ.

ಫಲಿತಾಂಶದಲ್ಲಿ ಮಾತ್ರ ಎರಡು ಮಾತಿಲ್ಲ. ಬೀಜಿಂಗ್ ಒಲಿಂಪಿಕ್ಸ್‌ನ ಈಜಿನಲ್ಲಿ ಮುರಿದ 25 ವಿಶ್ವ ದಾಖಲೆಗಳಲ್ಲಿ 23 ಈ ಉಡುಗೆ ತೊಟ್ಟವರವು. ಅದಕ್ಕೂ ಮುಂಚೆ, ತನ್ನದೇ ದೇಶದ ಕಂಪನಿಗಳೊಂದಿಗೆ ಒಪ್ಪಂದವಿದ್ದ ಜಪಾನಿನ ಈಜು ಒಕ್ಕೂಟವು ಕ್ರೀಡಾಪಟುಗಳ ಒತ್ತಡಕ್ಕೆ ಮಣಿದು ಸ್ಪೀಡೊ ತೊಡಲು ಅನುಮತಿ ಕೊಡಬೇಕಾಯಿತು. ಆ ಗದ್ದಲದ ನಡುವೆ ಜಪಾನಿನ ಈಜುಗಾರ ಕೊಸುಕೆ ಕಿಟಾಜಿಮಾ ‘ಈಜುವವನು ನಾನು’ ಎಂಬ ಅರ್ಥದ ಬರಹವಿದ್ದ ಅಂಗಿ ತೊಟ್ಟು ಕಾಣಿಸಿಕೊಂಡರು. 2008ರ ಜೂನ್‌ನಲ್ಲಿ ಎಲ್‌ಝಡ್‌ಆರ್ ತೊಟ್ಟು 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನ ವಿಶ್ವ ದಾಖಲೆಯನ್ನೂ ಮುರಿದರು. ಅಂಗಿಯ ಮಾತು ಮತ್ತು ಮೈಮೇಲಿನ ಉಡುಗೆ ಒಂದಕ್ಕೊಂದು ಹೊಂದಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಏಕೆಂದರೆ ಈಜು ದಣಿವಿನ ಆಟ. ಕೊನೆಯ ಐವತ್ತು ಮೀಟರಿನಲ್ಲಿ ಹೊಟ್ಟೆ ಮತ್ತು ಸೊಂಟದ ಸ್ನಾಯುಗಳು ಸೋತಾಗ ಸೊಂಟ ನೀರಿನಲ್ಲಿ ತಗ್ಗುತ್ತದೆ, ಕಾಲು ಹಿಂದಕ್ಕೆ ಎಳೆಯತೊಡಗುತ್ತದೆ. ವರ್ಷಗಟ್ಟಲೆ ಅಭ್ಯಾಸ ಮಾಡಿದವರು ಆಗಲೂ ಮೈಯನ್ನು ನೇರವಾಗಿ ಹಿಡಿದಿರುತ್ತಾರೆ. ಆ ಹಿಡಿತವನ್ನು ಉಡುಗೆಯೇ ಒದಗಿಸಿದರೆ ಅಭ್ಯಾಸ ಮಾಡಿದವರಿಗೂ ಮಾಡದವರಿಗೂ ನಡುವಿನ ಅಂತರ ಕರಗುತ್ತದೆ. ಜೊತೆಗೆ ಎಲ್ಲರ ಮೈಕಟ್ಟಿಗೂ ಅದರ ಲಾಭ ಒಂದೇ ಸಮನಾಗಿ ದಕ್ಕುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿ, ದಾಖಲೆಗಳ ಎಣಿಕೆಯಲ್ಲಲ್ಲ.

ಒಮ್ಮೆ ಬಾಗಿಲು ತೆರೆದ ಮೇಲೆ ಸ್ಪೀಡೊ ಕೂಡ ಹಿಂದೆ ಬಿತ್ತು. ಪೂರ್ತಿ ಪಾಲಿಯುರಿಥೇನ್‌ನಲ್ಲೇ ಮಾಡಿದ ಜೇಕ್ಡ್ ಮತ್ತು ಅರೀನಾ ಕಂಪನಿಗಳ ಉಡುಗೆಗಳು ಗಾಳಿಯನ್ನು ಒಳಗೆ ಹಿಡಿದಿಟ್ಟು ಮೈಯನ್ನು ಇನ್ನಷ್ಟು ಮೇಲೆ ತೇಲಿಸಿದವು. 2009ರ ರೋಮ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎಂಟು ದಿನಗಳಲ್ಲಿ 43 ವಿಶ್ವ ದಾಖಲೆಗಳು ಬಿದ್ದವು. ಬೀಜಿಂಗ್‌ನ 200 ಮೀಟರ್ ಫ್ರೀಸ್ಟೈಲ್‌ನಲ್ಲಿ ಐದನೆಯವರಾಗಿದ್ದ ಜರ್ಮನಿಯ ಪಾಲ್ ಬೀಡರ್‌ಮನ್, ಅರೀನಾದ ಉಡುಗೆಯಲ್ಲಿ 1 ನಿಮಿಷ 42.00 ಸೆಕೆಂಡಿಗೆ ಗೋಡೆ ಮುಟ್ಟಿ, ಎಲ್‌ಝಡ್‌ಆರ್ ತೊಟ್ಟಿದ್ದ ಮೈಕೆಲ್ ಫೆಲ್ಪ್ಸ್ ಅವರನ್ನು ಒಂದು ಸೆಕೆಂಡಿಗೂ ಹೆಚ್ಚು ಅಂತರದಿಂದ ಸೋಲಿಸಿದರು. ಹಿಂದಿನ ವರ್ಷ ಎಲ್ಲರೂ ದೂರಿದ ಉಡುಗೆ ಈ ವರ್ಷ ಹಳತಾಗಿತ್ತು.

ಆಗ ಫಿನಾ ಎಂಬ ಹೆಸರಿದ್ದ ಅಂತರರಾಷ್ಟ್ರೀಯ ಈಜು ಒಕ್ಕೂಟ ಇವನ್ನೆಲ್ಲ ಮೊದಲು ತಾನೇ ಅನುಮೋದಿಸಿತ್ತು. ನಿಷೇಧಕ್ಕಿಂತ ಆ ಅನುಮೋದನೆಯ ಬಗ್ಗೆಯೇ ಹೆಚ್ಚು ಪ್ರಶ್ನೆಗಳೇಳಬೇಕಿತ್ತು. 2010ರ ಜನವರಿ 1ರಿಂದ ನೇಯ್ದ ಬಟ್ಟೆಗಷ್ಟೇ ಅವಕಾಶ ಉಳಿಯಿತು, ಜಿಪ್ ಹೋಯಿತು. ಪುರುಷರಿಗೆ ಸೊಂಟದಿಂದ ಮೊಣಕಾಲು, ಮಹಿಳೆಯರಿಗೆ ಭುಜದಿಂದ ಮೊಣಕಾಲು ಎಂಬ ಮಿತಿ ಬಂತು. 2011ರ ಶಾಂಘೈ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಇದೇ ಬೀಡರ್‌ಮನ್ ಮೊಣಕಾಲುದ್ದದ ಬಟ್ಟೆಯ ಚಡ್ಡಿ ತೊಟ್ಟು ಅದೇ 200 ಮೀಟರ್ ಈಜಿದರು. ಸಮಯ 1 ನಿಮಿಷ 44.88 ಸೆಕೆಂಡ್, ಪದಕ ಕಂಚು.